ಹೊಂಡಕ್ಕೆ ಹೊದಿಕೆ

ಗುರುವಾರ, ಜೂನ್ ೧೨

ಕಾರ್ಖಾನೆಯ ಕೊಳಚೆ ನೀರಿನ ಹೊಂಡಕ್ಕೆ ಕೊನೆಗೂ ಕಪ್ಪು ಹೊದಿಕೆ ಹಾಕಿಬಿಟ್ಟರು. ಇನ್ನು ಅದರಿಂದ ಗುಳ್ಳೆಗುಳ್ಳೆಯಾಗಿ ಏಳುವ ಮೀಥೇನ್ ಅನಿಲ ಗಾಳಿಗೆ ಸೇರದೆ ಬಾಯ್ಲರಿನಲ್ಲಿ ಉರಿಯುತ್ತದೆ. ಎಂಜಿನಿಯರ್ ಹುಡುಗಿ ಫೋನಿನಲ್ಲಿ ನಕ್ಷೆ ತೋರಿಸಿ ಕುಣಿದಾಡಿದಳು. "ನೋಡಿ ಅಂಕಲ್, ಸುತ್ತಲಿನ ಜಿಲ್ಲೆಗಳಲ್ಲೆಲ್ಲ ಮೀಥೇನ್ ಏರ್ತಾನೇ ಇದೆ. ನಮ್ಮಲ್ಲಿ ಮಾತ್ರ ಇಳಿಯುತ್ತೆ!"

"ಒಳ್ಳೇದಾಯ್ತಮ್ಮ" ಅಂದೆ. ಒಳ್ಳೆಯದೇ, ಸುಳ್ಳು ಹೇಳಲಿಲ್ಲ.

ಆದರೆ ಹೆಂಡತಿ ತೀರಿಕೊಂಡ ಮೇಲೆ ನನ್ನ ಜೊತೆ ದಿನವಿಡೀ ಗುಳುಗುಳು ಗೊಣಗುತ್ತಿದ್ದದ್ದು ಆ ಹೊಂಡವೊಂದೇ. ವಾಲ್ವ್ ತಿರುಗಿಸುತ್ತಾ ನಾನೂ ಹೂಂಗುಟ್ಟುತ್ತಿದ್ದೆ. ಇವತ್ತು ಮಧ್ಯಾಹ್ನವೂ ಅಭ್ಯಾಸಬಲದಿಂದ "ಹೂಂ" ಅಂದೆ. ಹೊದಿಕೆ ಮುನಿಸಿಕೊಂಡವಳ ಕೆನ್ನೆಯ ಹಾಗೆ ಉಬ್ಬಿಕೊಂಡು ಸುಮ್ಮನೆ ಬಿದ್ದಿತ್ತು.

ಈಗ ಒಲೆಯ ಮೇಲೆ ನೀರಿಟ್ಟಿದ್ದೇನೆ. ಚಹಾ ಬೇಕಾಗಿಲ್ಲ. ಸಣ್ಣಗೆ ಗುಳುಗುಳು ಅನ್ನತೊಡಗಿದೆ.

ಹೂಂ, ಹೇಳು.