ಎರಡು ಪಟ್ಟು ಸರಿ, ಎಷ್ಟರಲ್ಲಿ?

ಸಾರ್ವಜನಿಕರಿಗೆ ಆರೋಗ್ಯದ ಎಚ್ಚರಿಕೆ ಬರೆದು ಗೋಡೆಗೆ ಅಂಟಿಸುವ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೀದಿಯ ಚಿಕಿತ್ಸಾಲಯದಲ್ಲಿ, ತೂಕ ನೋಡುವ ಯಂತ್ರದ ಮೇಲುಗಡೆ, ತಾವೊಂದು ಸೂಚನೆ ಅಂಟಿಸಿದ್ದೀರಿ. ಅಂಗೈಯಗಲದ ಕೆಂಪು ಅಕ್ಷರಗಳು. ರಕ್ತದೊತ್ತಡದ ಒಂದು ಮಾತ್ರೆಯ ಹೆಸರು, ಅದರ ಕೆಳಗೆ "ಹೊಟ್ಟೆಯೊಳಗಿನ ಗ್ರಂಥಿ ಊದಿಕೊಳ್ಳುವ ಅಪಾಯ ಎರಡು ಪಟ್ಟು!" ಎಂಬ ಸಾಲು. ನನ್ನ ದೂರು ಇಷ್ಟೇ: ಯಾವುದರ ಎರಡು ಪಟ್ಟು ಎಂದು ತಾವು ಬರೆದಿಲ್ಲ. ಆ ಒಂದು ಸಂಖ್ಯೆ ಅಲ್ಲಿ ಇಲ್ಲದ್ದರಿಂದ ನನ್ನ ಅಕ್ಕ ಹತ್ತೊಂಬತ್ತು ದಿನ ಮಾತ್ರೆ ಮುಟ್ಟಲಿಲ್ಲ. ಇಪ್ಪತ್ತನೆಯ ದಿನ ಅಂಗಡಿಯಲ್ಲಿ ನನ್ನ ಕಣ್ಣೆದುರೇ ಕುಸಿದು ಕೂತಳು.

ತಾವು ಗಾಬರಿಯಾಗಬೇಡಿ, ಬದುಕಿದ್ದಾಳೆ. ಈ ಪತ್ರ ಬರೆಯುವಾಗ ಪಕ್ಕದಲ್ಲೇ ಕೂತು, ನಾನು ಹೊಲಿದ ಪ್ಯಾಂಟಿನ ಅಂಚಿಗೆ ಹೆಸರಿಡುತ್ತಿದ್ದಾಳೆ. ನನ್ನದು ಬಟ್ಟೆ ಆಲ್ಟರೇಶನ್ ಅಂಗಡಿ. ಉದ್ದವಾದದ್ದನ್ನು ಗಿಡ್ಡ ಮಾಡುತ್ತೇನೆ, ಬಿಗಿಯಾದದ್ದನ್ನು ಸಡಿಲ ಮಾಡುತ್ತೇನೆ. ಅಕ್ಕ ಇಪ್ಪತ್ತಾರು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಚೆಕರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ನನ್ನ ಅಂಗಡಿಯಲ್ಲಿ, ನಾನು ಕೇಳದಿದ್ದರೂ, ಅದೇ ಕೆಲಸ ಮುಂದುವರಿಸಿದ್ದಾಳೆ. ಅವಳ ಕೈ ದಾಟದೆ ಒಂದು ಲಂಗವೂ ಗಿರಾಕಿಗೆ ಹೋಗುವುದಿಲ್ಲ.

ಈ ಚೆಕರ್ ಕೆಲಸದ ಎರಡು ನಿಯಮಗಳನ್ನು ತಮಗೆ ತಿಳಿಸಬೇಕು, ಏಕೆಂದರೆ ಇಡೀ ರಾಮಾಯಣ ಅಲ್ಲೇ ಶುರುವಾದದ್ದು. ಮೊದಲನೆಯದು ಸೂಜಿಯ ನಿಯಮ. ಹೊಲಿಯುವಾಗ ಸೂಜಿ ಮುರಿದರೆ ಅದರ ಅಷ್ಟೂ ಚೂರು ಸಿಗಬೇಕು. ಸಿಕ್ಕ ಚೂರುಗಳನ್ನು ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಬೇಕು. ಒಂದು ತುಣುಕು ಕಾಣದಿದ್ದರೂ ಆ ಸಾಲಿನ ಬಟ್ಟೆಯೆಲ್ಲ ತಡೆ. ಯಾವ ಮಗುವಿನ ಕತ್ತಿಗೆ ಚುಚ್ಚುತ್ತದೋ ಯಾರಿಗೆ ಗೊತ್ತು? ಎರಡನೆಯದು ಗುಂಡಿಯ ನಿಯಮ. ದೊಡ್ಡ ಲಾಟಿನಿಂದ ನೂರಿಪ್ಪತ್ತೈದು ಅಂಗಿ ಎಳೆದು ನೋಡುತ್ತಾರೆ. ಸಡಿಲ ಗುಂಡಿ, ಸೊಟ್ಟ ಹೊಲಿಗೆ ಇಂಥ ತಪ್ಪು ಏಳರ ತನಕ ಇದ್ದರೆ ಲಾಟು ಪಾಸು, ಎಂಟಾದರೆ ವಾಪಸು. ಸೂಜಿಗೆ ಒಂದೂ ಹೆಚ್ಚು. ಗುಂಡಿಗೆ ಎಷ್ಟರಲ್ಲಿ ಎಷ್ಟು ಎಂಬುದೇ ಮುಖ್ಯ. ಅಕ್ಕ ಈ ಎರಡನ್ನೂ ನಿದ್ದೆಗಣ್ಣಿನಲ್ಲೂ ಹೇಳಬಲ್ಲಳು.

ಅಂಥವಳು ಒಂದು ಬೆಳಿಗ್ಗೆ ತೂಕ ನೋಡಿಕೊಳ್ಳಲು ಹೋಗಿ ತಮ್ಮ ಕೆಂಪು ಅಕ್ಷರ ಓದಿಕೊಂಡು ಬಂದಳು. ಬಂದವಳೇ ತಾನು ದಿನಾ ನುಂಗುವ ಆ ಮಾತ್ರೆಯ ಸ್ಟ್ರಿಪ್ಪನ್ನು ಚಿಂದಿಬಟ್ಟೆಯ ಬುಟ್ಟಿಗೆ ಎಸೆದಳು.

"ಯಾಕಕ್ಕಾ?"

"ರಿಜೆಕ್ಟ್."

"ಡಾಕ್ಟರ್‌ನ ಒಂದ್ ಮಾತು ಕೇಳೋದಲ್ವಾ?"

"ಸರ್ಕಾರದೋರೇ ಗೋಡೆ ಮೇಲೆ ಬರ್ಸಿದಾರೆ, ಇನ್ನು ಡಾಕ್ಟರ್‌ನ ಏನ್ ಕೇಳೋದು ಪುಟ್ಟಿ? ಎರಡು ಪಟ್ಟಂತೆ! ನನ್ನ ಹೊಟ್ಟೆ ಏನು ಅವರಪ್ಪನ ಆಸ್ತೀನಾ?"

ನನಗೆ ಐವತ್ತೆರಡು ವರ್ಷ. ಅಕ್ಕನಿಗೆ ನಾನಿನ್ನೂ ಪುಟ್ಟಿ. ಪುಟ್ಟಿಯ ಮಾತು ಯಾರು ಕೇಳುತ್ತಾರೆ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವಳು. ಅಂದಿನಿಂದ ಆ ಮಾತ್ರೆಯ ಸುದ್ದಿ ಎತ್ತಿದರೆ ಹೊಲಿಗೆ ಯಂತ್ರದ ಸದ್ದು ಜೋರು ಮಾಡುತ್ತಿದ್ದಳು.

ನ್ಯಾಯವಾಗಿ ಹೇಳಬೇಕು: ಸೂಚನೆಯ ತಳದಲ್ಲಿ ತಾವು "ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು" ಎಂದೂ ಬರೆದಿದ್ದೀರಿ. ಆಮೇಲೆ ನಾನೇ ಹೋಗಿ ನೋಡಿದೆ. ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡು, ತೂಕದ ಯಂತ್ರದ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತಾಗ ಕಂಡಿತು. ಹೆದರಿಸುವ ಮಾತಿಗೆ ಅಂಗೈಯಗಲ, ಕಾಪಾಡುವ ಮಾತಿಗೆ ಸಾಸಿವೆಯಷ್ಟು ಜಾಗ. ಈ ಅಳತೆ ತೆಗೆದ ದರ್ಜಿ ಯಾರು ಸ್ವಾಮಿ? ನನ್ನ ಅಂಗಡಿಯಲ್ಲಾಗಿದ್ದರೆ ಅವರಿಗೆ ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ.

ಹಾಗಂತ ಅಪಾಯದ ವಿಷಯದಲ್ಲಿ ನಮ್ಮ ಮನೆಯವರೇನೂ ಮಹಾ ಬುದ್ಧಿವಂತರಲ್ಲ. ಅಂಗಡಿಯ ಬಲ್ಬು ಕೆಟ್ಟರೆ ನಾನು ಕತ್ತರಿಸುವ ಮೇಜಿನ ಮೇಲೆ ಸ್ಟೂಲು ಇಟ್ಟು, ಅದರ ಮೇಲೆ ಹಳೆಯ ಡಿಸೈನ್ ಪುಸ್ತಕಗಳ ಕಟ್ಟಿಟ್ಟು ಹತ್ತುತ್ತಿದ್ದೆ. ಕೆಳಗೆ ಕತ್ತರಿ ಬಾಯಿ ತೆರೆದು ಬಿದ್ದಿರುತ್ತಿತ್ತು. ಅಕ್ಕನೋ, ಹೊಟ್ಟೆಯ ಗ್ರಂಥಿಗೆ ಹೆದರಿ ಮಾತ್ರೆ ಬಿಟ್ಟ ಅದೇ ವಾರ, ಮೇಲ್ಸೇತುವೆ ಹತ್ತಲು ಸೋಮಾರಿತನವಾಗಿ ರಸ್ತೆ ನಡುವಿನ ಕಂಬಿಯ ಸಂದಿಯಲ್ಲಿ ನುಸುಳಿದಳು. ಬಸ್ಸಿನ ಚಾಲಕ ಬ್ರೇಕು ಒತ್ತಿ, ಕಿಟಕಿಯಿಂದ ತಲೆ ಹಾಕಿ, ಬಾಯಿಗೆ ಬಂದಂತೆ ಬೈದ. "ನಿಧಾನಕ್ಕೆ ಓಡ್ಸೋಕೇನು ಧಾಡಿ ಇವನಿಗೆ?" ಎಂದು ಅಕ್ಕ ನನ್ನ ಕೈ ಎಳೆದುಕೊಂಡು ನಡೆದಳು. ದಿನಾ ಕಾಣುವ ಬಸ್ಸಿಗೆ ನಾವು ಹೆದರುವುದಿಲ್ಲ. ಅದರ ಮುಂದುಗಡೆ ಯಾರೂ ಕೆಂಪಕ್ಷರದಲ್ಲಿ "ಎರಡು ಪಟ್ಟು" ಎಂದು ಬರೆದಿಲ್ಲವಲ್ಲ.

ಇಪ್ಪತ್ತನೆಯ ದಿನ ಮಧ್ಯಾಹ್ನ ಅಕ್ಕ ಒಂದು ಶಾಲಾ ಅಂಗಿಯ ದಾರ ಕತ್ತರಿಸುತ್ತಿದ್ದಳು. ಎಡಗೈಯಿಂದ ಅಂಗಿ ಜಾರಿತು. ಎತ್ತಿಕೊಂಡಳು, ಮತ್ತೆ ಜಾರಿತು. "ಪುಟ್ಟಿ, ಈ ಬಟ್ಟೆ ಯಾಕೋ ನುಣುಪು" ಎಂದಳು. ಒರಟು ಹತ್ತಿ ಬಟ್ಟೆ ಸ್ವಾಮಿ ಅದು. ತಿರುಗಿ ನೋಡಿದರೆ ತುಟಿಯ ಒಂದು ಕಡೆ ಇಳಿದಿತ್ತು. ನೋಡುತ್ತಿದ್ದಂತೆ ಹಾಗೇ ಕುಸಿದು ಕೂತಳು. ಪಕ್ಕದ ಬೀಗ ರಿಪೇರಿಯವರ ಗಾಡಿಯಲ್ಲಿ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ನಾನು ಅವಳ ಕೈ ಒತ್ತುತ್ತಲೇ ಇದ್ದೆ. ಅವಳು ಒತ್ತುತ್ತಿರಲಿಲ್ಲ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ನಾವು ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರಮ್ಮ. ಮಿದುಳಿನ ಒಂದು ಸಣ್ಣ ನಾಳ ಕಟ್ಟಿಕೊಂಡಿತ್ತಂತೆ. ಮಾತ್ರೆ ನಿಲ್ಲಿಸಿದ್ದರಿಂದಲೇ ಆಯಿತೇ ಎಂದು ಕೇಳಿದೆ. "ಖಡಾಖಂಡಿತ ಹೇಳೋಕಾಗಲ್ಲಮ್ಮ. ತಗೊಂಡಿದ್ರೂ ಆಗ್ಬಹುದಿತ್ತು. ನಿಲ್ಲಿಸಿದ್ರಿಂದ ಆಗೋ ಸಾಧ್ಯತೆ ಹೆಚ್ಚಾಯ್ತು, ಅಷ್ಟು ಹೇಳ್ಬಹುದು" ಎಂದರು. ಆಮೇಲೆ ನನ್ನ ಮುಖ ನೋಡಿ ಸಂಖ್ಯೆಯಲ್ಲಿ ಹೇಳಿದರು. ಅಕ್ಕನ ವಯಸ್ಸಿನ, ಅಕ್ಕನಷ್ಟೇ ಒತ್ತಡವಿರುವ ಹತ್ತು ಸಾವಿರ ಜನರನ್ನು ತೆಗೆದುಕೊಂಡರೆ, ಮಾತ್ರೆಯಿಲ್ಲದೆ ವರ್ಷಕ್ಕೆ ಸುಮಾರು ನೂರ ಅರವತ್ತು ಜನಕ್ಕೆ ಹೀಗಾಗುತ್ತದೆ. ಮಾತ್ರೆ ತೆಗೆದುಕೊಂಡರೆ ಸುಮಾರು ನೂರು. ಮಾನ್ಯರೇ, ಗಮನಿಸಿ: ಆ ತಾಯಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು, ಗೊತ್ತಿದ್ದದ್ದನ್ನು ಎಷ್ಟರಲ್ಲಿ ಎಷ್ಟು ಎಂದು ಹೇಳಿದರು. ಕೆಂಪು ಶಾಯಿ ಬೇಕಾಗಲಿಲ್ಲ.

ಮನೆಗೆ ಬಂದ ಮೇಲೂ ಅಕ್ಕ ಮಾತ್ರೆ ನುಂಗಲಿಲ್ಲ! ಅಂಗೈಯಲ್ಲಿಟ್ಟುಕೊಂಡು ಕೂತಳು. "ಆ ಕಡೆ ಹೋದ್ರೆ ಹೊಟ್ಟೆ, ಈ ಕಡೆ ಬಂದ್ರೆ ತಲೆ. ಯಾವ್ದು ಬಿಡ್ಲಿ ಹೇಳು" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅವಳು ಅಳುವುದನ್ನು ನಾನು ನೋಡಿದ್ದು ಕಡಿಮೆ. ಎದ್ದು ಸೀದಾ ಔಷಧಿ ಅಂಗಡಿಗೆ ನಡೆದೆ.

ಔಷಧಿ ಅಂಗಡಿಯವರು ಮಾತ್ರೆಯ ಡಬ್ಬಿಯೊಳಗಿನ ಮಡಿಸಿದ ಕಾಗದ ಬಿಚ್ಚಿದರು. ಅದು ಬಿಚ್ಚಿ ಬಿಚ್ಚಿ ಒಂದು ಪ್ಯಾಂಟಿನ ಉದ್ದವಾಯಿತು. ಬೆರಳಿಟ್ಟು ತೋರಿಸಿದರು: ಮಾತ್ರೆ ತೆಗೆದುಕೊಳ್ಳದ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಒಬ್ಬರಿಗೆ ಆ ಗ್ರಂಥಿ ಊದುತ್ತದೆ, ತೆಗೆದುಕೊಳ್ಳುವವರಲ್ಲಿ ಇಬ್ಬರಿಗೆ.

"ಒಂದು ಎರಡಾದ್ರೆ ಎರಡು ಪಟ್ಟೇ ತಾನೇ? ಅವರು ಬರೆದಿದ್ದು ಸುಳ್ಳಲ್ಲಮ್ಮ" ಎಂದರು.

"ಒಂದು ಎರಡಾಯ್ತು ಅಂತ ಬರೆಯೋಕೆ ಏನು ರೋಗ ಅವರಿಗೆ?" ಎಂದೆ.

ಕ್ಷಮಿಸಿ, ಸಿಟ್ಟಿನಲ್ಲಿ ಬಂದ ಮಾತು. ಆದರೆ ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವವರನ್ನು ಕಂಡಿದ್ದೆ. ಇಲಿಯನ್ನೇ ಸರಿಯಾಗಿ ಎಣಿಸಿ ಹುಲಿಯ ಹಾಗೆ ಘರ್ಜನೆ ಮಾಡಿಸುವವರನ್ನು ಇದೇ ಮೊದಲು ಕಂಡದ್ದು. ಆ ಕಾಗದ ಹಿಡಿದು ಮನೆಗೆ ಬಂದೆ.

"ಅಕ್ಕಾ, ಹತ್ತು ಸಾವಿರ ಅಂಗಿ. ಒಂದಕ್ಕೆ ಗುಂಡಿ ಸಡಿಲ. ಏನ್ಮಾಡ್ತೀಯ?"

"ಪಾಸು."

"ಎರಡಕ್ಕೆ ಸಡಿಲ."

"ಅದೂ ಪಾಸೇ. ಎರಡು ಗುಂಡಿಗೋಸ್ಕರ ಹತ್ತು ಸಾವಿರ ಅಂಗಿ ವಾಪಸ್ ಕಳ್ಸಿದ್ರೆ ನನ್ನನ್ನೇ ಮನೆಗೆ ಕಳಿಸ್ತಾರೆ."

"ತಪ್ಪು ಎರಡು ಪಟ್ಟಾಯ್ತಲ್ಲಾ?"

ಅಕ್ಕ "ತಾ ಇಲ್ಲಿ" ಎಂದು ಕಾಗದ ಕಿತ್ತುಕೊಂಡು, ಹೊಲಿಗೆ ಪರೀಕ್ಷಿಸುವಂತೆ ಸಾಲಿನ ಮೇಲೆ ಬೆರಳಾಡಿಸಿ ಎರಡು ಸಲ ಓದಿದಳು. ಆಮೇಲೆ ಬಂತು ನೋಡಿ ಬೈಗುಳ, ಎಲ್ಲವೂ ತಮಗೆ. ಬರೆಯಬಹುದಾದಷ್ಟನ್ನು ಮಾತ್ರ ಬರೆಯುತ್ತೇನೆ. "ತಪ್ಪು ಎರಡು ಪಟ್ಟು ಅಂತ ನಾನು ಬರ್ಕೊಟ್ಟಿದ್ರೆ ನಮ್ಮ ಸೂಪರ್‌ವೈಸರ್ ಮುಖಕ್ಕೆ ಎಸೀತಿದ್ರು. ಎಷ್ಟು ಪೀಸಲ್ಲಿ ಅಂತ ಮೊದ್ಲು ಬರಿ ಅಂತಿದ್ರು. ಸೇರಿದ ಮೊದಲ್ನೇ ದಿನ ಕಲಿಸೋ ಪಾಠ ಕಣೇ ಅದು! ಇವರಿಗೆ ಯಾರೂ ಕಲಿಸ್ಲಿಲ್ವಾ?" ಆಮೇಲೆ ಕಾಗದ ಮಡಿಸುತ್ತಾ, ಸಣ್ಣ ದನಿಯಲ್ಲಿ, "ನಾನು ಇದನ್ನ ಸೂಜಿ ಲೆಕ್ಕಕ್ಕೆ ಹಾಕ್ಬಿಟ್ಟೆ ಪುಟ್ಟಿ. ಇದು ಗುಂಡಿ ಲೆಕ್ಕ" ಎಂದಳು.

ಡಾಕ್ಟರಮ್ಮ ಹೇಳಿದ್ದನ್ನೂ ಹೇಳಿದೆ. ಅದೇ ಹತ್ತು ಸಾವಿರದಲ್ಲಿ ಒಂದು ಕಡೆ ಒಬ್ಬರು ಹೆಚ್ಚು, ಇನ್ನೊಂದು ಕಡೆ ಅರವತ್ತು ಜನ ಕಡಿಮೆ.

"ಆ ಒಬ್ಳು ನಾನೇ ಆದ್ರೆ?"

"ಆ ಅರವತ್ತರಲ್ಲಿ ಒಬ್ಳು ನೀನೇ ಆದ್ರೆ?"

ನೀರು ಕೇಳಿದಳು. ಕೊಟ್ಟೆ. ನುಂಗಿದಳು.

ಮಾರನೆಯ ವಾರ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಕಾಯುವ ಬೆಂಚಿನ ಎದುರು ಹಸಿರು ಚೌಕಟ್ಟಿನಲ್ಲಿ ಒಂದು ಫಲಕ: "ಈ ಕಚೇರಿಯ ವಿರುದ್ಧ ದೂರುಗಳು: ಸಾವಿರ ಅರ್ಜಿಗೆ ಕೇವಲ ಎರಡು!" ಹೋದ ವರ್ಷ ಎಷ್ಟಿತ್ತು ಎಂದು ಗುಮಾಸ್ತರನ್ನು ಕೇಳಿದೆ. ಪಾಪ, ಒಳ್ಳೆಯವರು, ಪುಸ್ತಕ ತೆಗೆದು ನೋಡಿ "ಸಾವಿರಕ್ಕೆ ಒಂದು" ಎಂದರು. ಹಾಗಾದರೆ ಮಾನ್ಯರೇ, ತಮ್ಮ ಮೇಲಿನ ದೂರು ಎರಡು ಪಟ್ಟಾಗಿದೆ! ಅದನ್ನು ಅಂಗೈಯಗಲ ಕೆಂಪಕ್ಷರದಲ್ಲಿ ಏಕೆ ಬರೆಸಲಿಲ್ಲ? ನಮ್ಮ ಹೊಟ್ಟೆಯ ವಿಷಯಕ್ಕೆ ಬಂದಾಗ ಪಟ್ಟು, ತಮ್ಮ ಕುರ್ಚಿಯ ವಿಷಯಕ್ಕೆ ಬಂದಾಗ ಸಾವಿರಕ್ಕೆ ಇಷ್ಟು. ಸರಿಯಾದ ಲೆಕ್ಕ ತಮಗೆ ಬರುತ್ತದೆ ಎಂದು ತಿಳಿದು ನನಗೆ ಬಹಳ ಸಮಾಧಾನವಾಯಿತು.

ನನ್ನ ನಗು ಕಂಡು ಗುಮಾಸ್ತರು ತಗ್ಗಿದ ದನಿಯಲ್ಲಿ ಹೇಳಿದರು: "ಜನಕ್ಕೆ ಅಷ್ಟೆಲ್ಲ ಲೆಕ್ಕ ಅರ್ಥ ಆಗಲ್ಲಮ್ಮ, ಅದಕ್ಕೇ ಸರಳವಾಗಿ ಬರೀತಾರೆ." ಯಾವ ಜನಕ್ಕೆ? ಒಂದಿಂಚಿಗೆ ಹನ್ನೊಂದು ಹೊಲಿಗೆಯೋ ಹನ್ನೆರಡೋ ಎಂದು ಬರಿಗಣ್ಣಿನಲ್ಲಿ ಹೇಳುವ ನನ್ನ ಅಕ್ಕನಿಗೆ? ಒಂದು ಹನಿ ಹೆಚ್ಚಾದರೆ ಮಗುವಿಗೆ ಏನಾಗುತ್ತದೆ ಎಂದು ಬಲ್ಲ ಔಷಧಿ ಅಂಗಡಿಯವರಿಗೆ? ಎಷ್ಟು ದೂರದಲ್ಲಿ ಬ್ರೇಕು ಒತ್ತಿದರೆ ನಮ್ಮಂಥ ಮೂಢರು ಬದುಕುತ್ತಾರೆ ಎಂದು ಕ್ಷಣದಲ್ಲಿ ಲೆಕ್ಕ ಹಾಕಿದ ಆ ಬಸ್ಸಿನವನಿಗೆ? ಜನಕ್ಕೆ ಲೆಕ್ಕ ಅರ್ಥವಾಗುತ್ತದೆ, ಅರ್ಧ ಲೆಕ್ಕ ಅರ್ಥವಾಗುವುದಿಲ್ಲ. ಅರ್ಧ ಕೊಟ್ಟರೆ ಉಳಿದರ್ಧವನ್ನು ಹೆದರಿಕೆ ತುಂಬಿಕೊಳ್ಳುತ್ತದೆ. ಆಗ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತೇವೆ. ತಪ್ಪು ಮೂಗಿನದು ಎಂದು ತಾವು ವರದಿ ಬರೆಯುತ್ತೀರಿ.

ಎಚ್ಚರಿಕೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೆಚ್ಚಾದ ಆ ಒಬ್ಬರೂ ಯಾರದೋ ಅಕ್ಕನೇ. ಹೇಳಿ, ಖಂಡಿತ ಹೇಳಿ. ಆದರೆ ಪಟ್ಟು ಎಂಬ ಪದ ಬರೆದ ಕಡೆಯೆಲ್ಲ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಎಷ್ಟು ಜನರಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು ಎಂದು ಬರೆಯಿರಿ. ಮಾತ್ರೆ ಬಿಟ್ಟರೆ ಅದೇ ಅಷ್ಟು ಜನರಲ್ಲಿ ಎಷ್ಟು ಜನಕ್ಕೆ ಏನಾಗುತ್ತದೆ ಎಂದೂ ಪಕ್ಕದಲ್ಲೇ ಬರೆಯಿರಿ. ವೈದ್ಯರನ್ನು ಕೇಳಿ ಎಂಬ ಮಾತನ್ನು ತಳದಿಂದ ಎತ್ತಿ ತಲೆಗೆ ತನ್ನಿ. ಗೋಡೆಯಲ್ಲಿ ಜಾಗ ಸಾಲದಿದ್ದರೆ ಆ ಹಸಿರು ಚೌಕಟ್ಟು ತೆಗೆಯಿರಿ, ಬೇಕಾದಷ್ಟು ಜಾಗವಾಗುತ್ತದೆ. ಮೊದಲು ನಮ್ಮ ಚಿಕಿತ್ಸಾಲಯದ ಸೂಚನೆಯನ್ನು ಈ ವಾರವೇ ಬದಲಿಸಿ. ತೂಕ ನೋಡಿಕೊಳ್ಳಲು ದಿನಾ ಜನ ಬರುತ್ತಾರೆ.

ಈ ಪತ್ರವನ್ನು ಅಕ್ಕ ಈಗಷ್ಟೇ ಚೆಕ್ ಮಾಡಿದಳು. "ನಾಲ್ಕು ತಪ್ಪು" ಎಂದಳು. ಎಷ್ಟು ಪದದಲ್ಲಿ ಎಂದೆ. ಬಾಯೊಳಗೇ ಲೆಕ್ಕ ಹಾಕಿ, ನಕ್ಕು, "ಪಾಸು" ಎಂದಳು. ತುಟಿ ನೆಟ್ಟಗಾಗಿದೆ, ಮಾತಿಗಂತೂ ಮೊದಲಿಗಿಂತ ಹೆಚ್ಚು ಧಾರಾಳ. ಎಡಗೈಯ ಕಿರುಬೆರಳಿಗೂ ಪಕ್ಕದ ಬೆರಳಿಗೂ ಮಾತ್ರ ಸ್ಪರ್ಶ ಮರಳಿಲ್ಲ. ಅಂಗಿಯೊಳಗೆ ಆ ಕೈ ತೂರಿಸಿ, ಕಣ್ಣಿಗೆ ಕಾಣದ ಸೂಜಿ ಚೂರನ್ನು ಇಪ್ಪತ್ತಾರು ವರ್ಷ ಹುಡುಕಿ ತೆಗೆದದ್ದು ಆ ಬೆರಳುಗಳೇ. ನಿನ್ನೆ ಮಗುವಿನ ಫ್ರಾಕೊಂದನ್ನು ಹಾಗೇ ಸವರಿ ನೋಡುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸಿ, "ನನಗೆ ಗೊತ್ತಾಗ್ತಿಲ್ಲ ಪುಟ್ಟಿ, ನೀನೇ ನೋಡು" ಎಂದು ನನ್ನ ಕಡೆ ದೂಡಿದಳು. ತಮ್ಮ ಕಡತದಲ್ಲಿ ಬರೆದುಕೊಳ್ಳುವುದಾದರೆ ಪೂರ್ತಿ ಬರೆದುಕೊಳ್ಳಿ ಮಾನ್ಯರೇ: ಹೋದದ್ದು ಎರಡು ಬೆರಳು, ಹತ್ತರಲ್ಲಿ.

ಇಂತಿ,
ಬಲ್ಬಿಗೆಂದು ಈಗ ಏಣಿ ತಂದಿಟ್ಟುಕೊಂಡಿರುವ,
ಹತ್ತಕ್ಕೆ ಹತ್ತು ಬೆರಳಿದ್ದೂ ಸೂಜಿ ಚೂರು ಹುಡುಕಲು ಬಾರದ,
ಪುಟ್ಟಿ