ಗೋಡೆಗೆ ಹೊದಿಸಿದ ಸೆಣಬು

ಪಕ್ಕದ ಮನೆ ಅಕ್ಕನಿಗೆ,

ಪಾಪು ಈಗ ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಮೆಟ್ಟಿಲ ಹತ್ತಿರ ಹೇಳಿದಿರಿ. ಸಂತೋಷ. ನಮ್ಮ ಮನೆಯವರು ನಿಮ್ಮ ಗೋಡೆಗೆ ಪುಕ್ಕಟೆ ಹೊದಿಸಿಕೊಟ್ಟ ಸೆಣಬಿನ ಹಾಸು ನಾವಿಬ್ಬರೂ ದುಡಿಯುವ ಕಾರ್ಖಾನೆಯದೇ. ಅದು ನೇಯ್ದದ್ದಲ್ಲ, ನಾರನ್ನು ಪದರ ಪದರವಾಗಿ ಹರಡಿ, ಸೂಜಿಗಳಿಂದ ಚುಚ್ಚಿ ಚುಚ್ಚಿ ಒಂದು ಮಾಡುತ್ತೇವೆ. ಚಳಿಯನ್ನೂ ತಡೆಯುತ್ತದೆ, ಸದ್ದನ್ನೂ ನುಂಗುತ್ತದೆ. ಮಾಲಿನಲ್ಲಿ ದೋಷವಿಲ್ಲ.

"ನಿನ್ನ ಗಂಡ ದೇವರಂಥ ಮನುಷ್ಯ ಕಣೇ" ಎಂದು ನೀವು ಅಂದಾಗ ನಾನು ಏಣಿ ಹಿಡಿದು ನಿಂತಿದ್ದೆ. ನಕ್ಕೆ.

ಮೊದಲೆಲ್ಲ ನಮ್ಮಲ್ಲಿ ಗಲಾಟೆ ಎದ್ದಾಗ ನೀವು ಸಿಟ್ಟಿನಿಂದ ಗೋಡೆ ಗುದ್ದುತ್ತಿದ್ದಿರಿ. ನೀವು ಗುದ್ದಿದ ಕೂಡಲೇ ಅವರ ಕೈ ನಿಲ್ಲುತ್ತಿತ್ತು. ಈಗ ನಿಮಗೆ ಏನೂ ಕೇಳಿಸುವುದಿಲ್ಲ.

ಒಂದು ಉಪಕಾರ ಮಾಡಿ. ನಿಮ್ಮ ಬೀರುವಿನ ಹಿಂದೆ, ಅವರ ಕಣ್ಣಿಗೆ ಬೀಳದ ಕಡೆ, ಒಂದು ಮೊಳದಷ್ಟು ಹಾಸನ್ನು ಕತ್ತರಿಸಿ ತೆಗೆಯಿರಿ. ಅದರ ಆಚೆಗೇ ನಮ್ಮ ಅಡುಗೆಕೋಣೆ. ತುಂಡನ್ನು ಕಸಕ್ಕೆ ಹಾಕಬೇಡಿ, ಅವರು ನೋಡಿದರೆ ಗುರುತು ಹಿಡಿಯುತ್ತಾರೆ. ಪಾಪುವಿನ ಹಾಸಿಗೆ ಕೆಳಗೆ ಹಾಕಿ, ಬೆಚ್ಚಗಿರುತ್ತದೆ. ಮಗುವಿನ ನಿದ್ದೆ ಕೆಟ್ಟರೆ ನನ್ನನ್ನು ಬೈದುಕೊಳ್ಳಿ.

ನಿನ್ನೆ ಅವರು ನಮ್ಮ ಕಡೆಯ ಗೋಡೆಗೂ ಅಳತೆ ತೆಗೆದರು. ಅದಕ್ಕೆ ಬೇಕಾದ ಹಾಸಿನ ಸುರುಳಿಗೆ ಕಾರ್ಖಾನೆಯಲ್ಲಿ ನಾರು ಹರಡುವವಳು ನಾನೇ. ನಿಮ್ಮ ಬೀರುವಿಗೆ ಎದುರಾಗಿ ಬರುವ ಜಾಗದಲ್ಲಿ ತೆಳ್ಳಗೆ ಹರಡುತ್ತೇನೆ. ಅಲ್ಲಿ ಒಂದು ಕಿವಿ ಇಟ್ಟುಕೊಂಡಿರಿ.

ಕೇಳಿಸಿದರೆ ಈ ಸಲ ಗೋಡೆ ಗುದ್ದಬೇಡಿ ಅಕ್ಕ. ಬಂದು ಬಾಗಿಲು ಬಡಿಯಿರಿ.

ಇಂತಿ,
ಗೋಡೆಯಾಚೆಯವಳು