ಎಡಗೈಯ ಅಳತೆ

ಅಣ್ಣಾ,

ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ಭಾನುವಾರ ಬಂದು ಆ ಯಂತ್ರವನ್ನು ಬಿಚ್ಚಿ ಸ್ಪ್ರಿಂಗು, ಹಗ್ಗ ಎಲ್ಲ ಒಯ್ಯುತ್ತೇನೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದೆಯಂತೆ. ಬರಬೇಡ. ಬಂದರೂ ನಾನು ಬಾಗಿಲು ತೆಗೆಯುವುದಿಲ್ಲ.

ಲಿಫ್ಟ್ ರಿಪೇರಿಯಲ್ಲಿ ನಿನ್ನನ್ನು ಮೀರಿಸುವವರಿಲ್ಲ, ಒಪ್ಪಿದೆ. ಆದರೆ ಗಾಲ್ಫ್ ಬಗ್ಗೆ ನಿನಗೇನು ಗೊತ್ತಿತ್ತು, ಮಣ್ಣು? ಮನೆಯೊಳಗೇ ಗಾಲ್ಫ್ ಅಭ್ಯಾಸ ಮಾಡುವ ಯಂತ್ರ ಕಂಡುಹಿಡಿದು ದೊಡ್ಡ ಮನುಷ್ಯನಾಗುವ ಹುಚ್ಚು ಹತ್ತಿದಾಗ ನಿನಗೆ ಅಪ್ಪನ ನೆನಪಾಯಿತು. ಗಾಲ್ಫ್ ಕ್ಲಬ್ಬಿನಲ್ಲಿ ಮೂವತ್ತೊಂದು ವರ್ಷ ಬೇರೆಯವರ ಆಟದ ಕೋಲುಗಳ ಚೀಲ ಹೊತ್ತವರು ಅವರು. ಚೀಲ ಹೊರುವವರು ಚೆಂಡು ಹೊಡೆಯುವಂತಿಲ್ಲ ಎಂಬುದು ಅಲ್ಲಿನ ನಿಯಮ. ಅಪ್ಪ ಹೊಡೆದದ್ದೆಲ್ಲ ನಮ್ಮ ನಡುಮನೆಯಲ್ಲಿ, ಮಡಚಿದ ಛತ್ರಿಯಿಂದ, ಚೆಂಡೇ ಇಲ್ಲದೆ.

"ಒಂದು ಸಾಮಾನು ಮಾಡ್ತಿದ್ದೀನಿ, ನಿಂತ್ಕೊಳ್ಳಪ್ಪ" ಎಂದು ಆ ಛತ್ರಿ ಕೊಟ್ಟೇ ಅವರನ್ನು ಹಲಗೆಯ ಮೇಲೆ ನಿಲ್ಲಿಸಿದೆ. ಪಾದದ ಸುತ್ತ ಮರದ ಪಟ್ಟಿ ಹೊಡೆದೆ. ಮೊಣಕೈ ಮಡಚದಂತೆ ಕಂಬಿ ಬಗ್ಗಿಸಿದೆ. ಹಗ್ಗಕ್ಕೆ ಕಟ್ಟಿದ ಚೆಂಡು ಹೊಡೆದೊಡನೆ ಸುತ್ತಿ ವಾಪಸ್ಸು ಬರುವಂತೆ ಸ್ಪ್ರಿಂಗು ಕೂರಿಸಿದೆ. ಮೂರು ತಿಂಗಳು ಅಳೆದೂ ಅಳೆದೂ, ಅಪ್ಪ ಎಡಗೈಯವರು ಎಂಬುದು ಮಾತ್ರ ನಿನ್ನ ಕಣ್ಣಿಗೆ ಬೀಳಲಿಲ್ಲ! ನಿನಗೆ ಅಕ್ಷರ ತಿದ್ದಿಸಿದ್ದು, ತಲೆ ಬಾಚಿದ್ದು ಎಲ್ಲ ಆ ಕೈಯೇ. ಜೀವಮಾನದಲ್ಲಿ ನಿನಗೆ ಬಿದ್ದ ಒಂದೇ ಒಂದು ಏಟೂ ಅದರದೇ. ಯಾವ ಕೆನ್ನೆ ಎಂದು ನೆನಪು ಮಾಡಿಕೋ.

ಕ್ಲಬ್ಬಿನವರಿಗೆ ಮಾರಲು ಮಾಡಿದ್ದೆಂದು ನೀನು ಬಾಯಿಬಿಟ್ಟದ್ದು ಸಾಗಿಸಲು ಟೆಂಪೋ ಬಂದ ಮೇಲೆ. ಅಲ್ಲಿ ಬಲಗೈಯವರಾದ ಕಾರ್ಯದರ್ಶಿ ಹಲಗೆ ಹತ್ತಿದರೆ ಕಾಲು ಒಂದು ಕಡೆ, ಕೈ ಇನ್ನೊಂದು ಕಡೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಗ ನೀನು ಬಾಗಿಲ ಬಳಿಯಿದ್ದ ಅಪ್ಪನತ್ತ ಬೆರಳು ತೋರಿಸಿದೆ. "ವಯಸ್ಸಾಗಿದೆ ಸಾರ್, ಇವ್ರು ಉಲ್ಟಾ ನಿಂತು ಅಳತೆ ಕೊಟ್ಬಿಟ್ಟಿದ್ದಾರೆ." ಅಪ್ಪ ಟೋಪಿ ತೆಗೆದು, "ಹೌದು ಸಾರ್, ತಪ್ಪು ನಂದೇ" ಅಂದರು. ನಾನು ಪಕ್ಕದಲ್ಲೇ ಇದ್ದೆ. ಸಾಯುವವರೆಗೂ ನಿನ್ನನ್ನು ಕ್ಷಮಿಸುವುದಿಲ್ಲ.

ಬಲಗೈಯವರಿಗೆ ಇದು ಆಗಿಬರುವುದಿಲ್ಲವೆಂದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು, ಅದೇ ಟೆಂಪೋದಲ್ಲಿ ಯಂತ್ರದ ಜೊತೆ ಮನೆಗೆ ವಾಪಸ್ಸು ಬಂದ ಮೇಲೆ ನಾನು ಕೇಳಿದೆ. ಅಪ್ಪ ಹೇಳಿದರು: "ನನಗೋಸ್ಕರ ಮಾಡ್ತಿದ್ದಾನೆ ಅಂದ್ಕೊಂಡಿದ್ದೆ ಕಣಮ್ಮ."

ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ ಎಡಗೈಯವರ ಕೋಲೊಂದನ್ನು ತಂದುಕೊಟ್ಟಿದ್ದೇನೆ. ಈಗ ದಿನಾ ಸಂಜೆ ಅಪ್ಪ ಹೊಡೆಯುತ್ತಾರೆ. ಚೆಂಡು ಸುತ್ತಿ ವಾಪಸ್ಸು ಬರುತ್ತದೆ. ಮೊಣಕೈ ಒಂದು ಸಲವೂ ಕಂಬಿಗೆ ತಾಗಿಲ್ಲ.

ನಿನ್ನ ಸ್ಪ್ರಿಂಗು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಕೊಂಡುಕೋ. ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಅಪ್ಪ ಹೇಳಿದ್ದಾರೆ. ಬರೆದಿದ್ದೇನೆ. ಅದು ಅವರ ಮಾತು, ನನ್ನದಲ್ಲ.

ಇಷ್ಟಾದರೂ ನಿನ್ನ ತಂಗಿಯೇ ಆಗಿರುವ,
ನಾನು